ಚಿನ್ನದ ಸೂತ್ರವೂ ಕನ್ನಡದ ಪತ್ತೇದಾರನೂ

(ರಾಜ್ಯೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಈ ವೇದಿಕೆಯಲ್ಲಿ ಪಂಪನನ್ನೂ ಪುಲಕೇಶಿಯನ್ನೂ ನೆನೆಯುವುದು ವಾಡಿಕೆ. ಬ್ಯಾಂಕಿನ ಗುಮಾಸ್ತನಾದ ನಾನು ಇಂದು ಒಂದು ಸಾಹಸಚಿತ್ರದ ಮಾತೆತ್ತಲು ಅಪ್ಪಣೆ ಬೇಡುತ್ತೇನೆ. 1968ರಲ್ಲಿ ದೊರೆ-ಭಗವಾನ್ ಜೋಡಿ ನಿರ್ದೇಶಿಸಿದ ‘ಜೇಡರ ಬಲೆ’ಯೇ ಆ ಚಿತ್ರ. ರಾಜಕುಮಾರ್ ಅವರದು ಸಿ.ಐ.ಡಿ. 999ರ ಪಾತ್ರ.

ಲೋಹವನ್ನು ಚಿನ್ನವಾಗಿಸುವ ಸೂತ್ರವನ್ನು ವಿಜ್ಞಾನಿಯೊಬ್ಬನು ಕಂಡುಹಿಡಿಯುತ್ತಾನೆ. ದುಷ್ಟಕೂಟವೊಂದು ಅದರ ಬೆನ್ನು ಹತ್ತುತ್ತದೆ. ಆ ಬಲೆಯನ್ನು ಹರಿಯುವ ಹೊಣೆ ನಾಯಕನದು. ಇದು ಬರಿಯ ಕಟ್ಟುಕಥೆಯೇ? 1941ರಲ್ಲಿಯೇ ವಿಜ್ಞಾನಿಗಳು ಪಾದರಸದಿಂದ ತೃಣಮಾತ್ರ ಚಿನ್ನವನ್ನು ಪಡೆದಿದ್ದರು. ಆದರೆ ಖರ್ಚಿನ ಲೆಕ್ಕ ಬರೆದರೆ ನಮ್ಮ ಮ್ಯಾನೇಜರು ಸಾಲ ಮಂಜೂರು ಮಾಡಲಾರರು!

ಚಿನ್ನವನ್ನೇ ಏಕೆ ಆರಿಸಿಕೊಂಡರು? 1962ರ ಚೀನಾ ಯುದ್ಧದಿಂದ ದೇಶದ ಬೊಕ್ಕಸ ಬಳಲಿತ್ತು. 1963ರ ಜನವರಿಯಲ್ಲಿ ನಮ್ಮ ಗುಜರಾತಿನವರೇ ಆದ ಅರ್ಥಮಂತ್ರಿ ಮೊರಾರ್ಜಿ ದೇಸಾಯಿಯವರು ಚಿನ್ನದ ನಿಯಂತ್ರಣ ತಂದರು. 14 ಕ್ಯಾರಟ್ಟಿಗೆ ಮೀರಿದ ಹೊಸ ಒಡವೆಗಳನ್ನು ಮಾಡುವಂತಿರಲಿಲ್ಲ. ಎಷ್ಟೋ ಅಕ್ಕಸಾಲಿಗರ ಕುಲುಮೆ ಆರಿತು, ಕಳ್ಳಸಾಗಣೆ ನಿಲ್ಲಲಿಲ್ಲ. ಚಿತ್ರ ಬಂದ ವರ್ಷವೇ ಆ ನಿಯಂತ್ರಣ ಶಾಸನವಾಯಿತು. ಅದು ರದ್ದಾದದ್ದು 1990ರಲ್ಲಿ. ಚಿನ್ನ ಯಾರ ಕೈಯಲ್ಲಿರಬೇಕೆಂಬುದು ಅಂದಿನ ಪ್ರೇಕ್ಷಕನಿಗೆ ಮನೆಯ ಪ್ರಶ್ನೆಯೇ ಆಗಿತ್ತು. ಅಕ್ಕಸಾಲಿಯ ಸಂಕಟ ಆ ಕಥೆಯ ವಿಷಯವಲ್ಲ, ನಿಜ. ಆದರೆ ದುರಾಸೆಯ ಬಲೆಯನ್ನು ಅದು ಬಯಲಿಗೆಳೆಯಿತು.

ಇನ್ನೊಂದು ಮಾತು. ಆಗ ನಮ್ಮ ನಾಡಿಗೆ ಮೈಸೂರು ರಾಜ್ಯವೆಂದೇ ಹೆಸರು. ಕರ್ನಾಟಕವೆಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. 1954ರಲ್ಲಿ ಕಣ್ಣಪ್ಪನಾಗಿ, 1960ರಲ್ಲಿ ರಣಧೀರ ಕಂಠೀರವನಾಗಿ, 1967ರಲ್ಲಿ ಇಮ್ಮಡಿ ಪುಲಿಕೇಶಿಯಾಗಿ ಕಂಡ ನಟನೇ ಇಲ್ಲಿ ಸೂಟು ತೊಟ್ಟು, ಪಿಸ್ತೂಲು ಹಿಡಿದು, ಕನ್ನಡದಲ್ಲಿಯೇ ಪತ್ತೇದಾರಿಕೆ ನಡೆಸಿದನು. ಕನ್ನಡವು ಗುಡಿ-ಗದ್ದುಗೆಗಳ ಭಾಷೆ ಮಾತ್ರವಲ್ಲ, ಪ್ರಯೋಗಶಾಲೆಯ ಭಾಷೆಯೂ ಹೌದೆಂದು ಈ ಚಿತ್ರ ತೋರಿಸಿತು. ಕನ್ನಡಿಗನಾಗಿದ್ದುಕೊಂಡೇ ಇಡೀ ದೇಶಕ್ಕೆ ಸಲ್ಲಬಹುದೆಂಬುದೂ ಅದರಲ್ಲಿ ಅಡಗಿದೆ. ದೋಷಗಳಿಲ್ಲವೆಂದಲ್ಲ. ಅಚ್ಚು ಜೇಮ್ಸ್ ಬಾಂಡನದು. ಹೆಣ್ಣನ್ನು ಅಲಂಕಾರವಾಗಿಸುವ ಚಾಳಿಯೂ ಆ ಅಚ್ಚಿನೊಡನೆಯೇ ಬಂದಿತು.

ಅಹಮದಾಬಾದ್, ವಡೋದರಾ, ಸೂರತ್‌ಗಳಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಬೀದಿಯಲ್ಲಿ ಗುಜರಾತಿ, ಪಾಠದಲ್ಲಿ ಇಂಗ್ಲಿಷು. ಕನ್ನಡವೇನಿದ್ದರೂ ಅಜ್ಜಿಯೊಡನೆ ಮತ್ತು ಹಬ್ಬದ ದಿನ. “ಅಪ್ಪಾ, ರಾಕೆಟ್ಟಿನ ವಿಷಯವನ್ನು ಕನ್ನಡದಲ್ಲಿ ಹೇಳೋಕಾಗುತ್ತಾ?” ಎಂದು ನನ್ನ ಮಗ ಒಮ್ಮೆ ಕೇಳಿದ. ಇಂಥ ಪ್ರಶ್ನೆಗೆ ‘ಆಗುತ್ತದೆ’ ಎಂದರೆ ಸಾಲದು, ಹೇಳಿ ತೋರಿಸಬೇಕು. ಭಾಷೆ ಹಳೆಯ ನೆನಪಾಗಿ ಉಳಿದರೆ ಮಕ್ಕಳು ಅದನ್ನು ಅಜ್ಜಿಯ ಪೆಟ್ಟಿಗೆಯ ಸೀರೆಯಂತೆ ಗೌರವಿಸುತ್ತಾರೆಯೇ ಹೊರತು ಉಡುವುದಿಲ್ಲ.

ಆದುದರಿಂದ ನನ್ನ ಅರಿಕೆ ಇಷ್ಟೆ. ಮುಂದಿನ ರಾಜ್ಯೋತ್ಸವದಲ್ಲಿ ಮಕ್ಕಳು ಐತಿಹಾಸಿಕ ನಾಟಕದ ಜೊತೆಗೆ ನಾಳಿನ ಕಾಲದ ಕಥೆಯೊಂದನ್ನೂ ಆಡಲಿ. ಮಾತುಗಳನ್ನು ಅವರೇ ಬರೆಯಲಿ. ತಪ್ಪಿದ್ದರೆ ನಾವು ಪಕ್ಕದಲ್ಲಿ ಕುಳಿತು ತಿದ್ದೋಣ. ಚಿನ್ನ ಮಾಡುವ ಸೂತ್ರ ನಮಗೆ ಬೇಡ. ಇರುವ ಚಿನ್ನ ಲಾಕರಿನಲ್ಲಿ ಕೊಳೆಯದೆ ಚಲಾವಣೆಗೆ ಬಂದರೆ ಸಾಕು.