ಹತ್ತು ಹಣ್ಣು, ಹತ್ತು ಮಂದಿ

(ಶಾಲೆಯ ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)

ವೇದಿಕೆಯ ಮೇಲಿರುವ ಮುಖ್ಯ ಗುರುಗಳೇ, ಹಳೆಯ ವಿದ್ಯಾರ್ಥಿ ಮಿತ್ರರೇ, ಊರಿನ ತಾಯಂದಿರೇ, ಮುದ್ದು ಮಕ್ಕಳೇ,

ಈಗ ನಿಮ್ಮನ್ನು ಕರೆದ ನಾಲ್ಕು ಮಾತು ಗಮನಿಸಿ. ಗುರುಗಳು, ಮಿತ್ರರು, ತಾಯಂದಿರು, ಮಕ್ಕಳು. ನಾಲ್ಕೂ ಬಹುವಚನ, ಆದರೆ ನಾಲ್ಕರ ರೂಪ ಬೇರೆ ಬೇರೆ. ಅದರಲ್ಲೂ ಮುಖ್ಯ ಗುರುಗಳು ಒಬ್ಬರೇ ಇದ್ದಾರೆ. ಅಲ್ಲಿ ‘ಗಳು’ ಎಣಿಕೆಗೆ ಬಂದದ್ದಲ್ಲ, ಗೌರವಕ್ಕೆ ಬಂದದ್ದು. ಇದನ್ನು ನಮಗೆ ಯಾರೂ ಬಾಯಿಪಾಠ ಮಾಡಿಸಲಿಲ್ಲ. ಮನೆಯಲ್ಲೇ ಕಲಿತೆವು.

ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಜೆ.ಆರ್.ಆರ್. ಟೋಲ್ಕಿನ್ (1892–1973) ಎಂಬ ಪ್ರಾಧ್ಯಾಪಕರಿದ್ದರು. ತಮ್ಮ ಕಥೆಗಳಲ್ಲಿ ಬರುವ ‘ಎಲ್ಫ್’ ಎಂಬ ಕಲ್ಪನೆಯ ಜನಕ್ಕಾಗಿ ಅವರು ಭಾಷೆಗಳನ್ನೇ ಕಟ್ಟಿದರು. ಅದರಲ್ಲಿ ಕ್ವೆನ್ಯಾ ಒಂದು. ಆ ಭಾಷೆಯಲ್ಲಿ ‘ಕಿರ್ಯ’ ಎಂದರೆ ಹಡಗು, ‘ಕಿರ್ಯರ್’ ಎಂದರೆ ಹಡಗುಗಳು, ‘ಕಿರ್ಯತ್’ ಎಂದರೆ ಎರಡು ಹಡಗು. ಸಂಸ್ಕೃತದ ದ್ವಿವಚನದಂತೆ ಅಲ್ಲಿಯೂ ಎರಡಕ್ಕೆ ಬೇರೆ ರೂಪ. ‘ರ್’ ನೋಡಿದರೆ ನಮ್ಮ ‘ಹುಡುಗರು’ ನೆನಪಾಗುತ್ತದೆ. ಅದು ಕಾಕತಾಳೀಯ, ಸಂಬಂಧವೇನಿಲ್ಲ. ಇಲ್ಲದ ಜನರ ಮಾತಿಗೂ ಆ ವಿದ್ವಾಂಸರು ಇಷ್ಟು ಶ್ರದ್ಧೆಯಿಂದ ನಿಯಮ ಮಾಡಿದರು. ನಿಯಮವಿಲ್ಲದೆ ಮಾತು ನಿಲ್ಲುವುದಿಲ್ಲವೆಂದು ಅವರಿಗೆ ಗೊತ್ತಿತ್ತು.

ಹಾಗಾದರೆ ಇರುವ ಜನರ ಮಾತಿನ ಗತಿ ಏನು? ನಾನು ಈ ಶಾಲೆ ಮುಗಿಸಿ ದೂರದ ಊರಿನ ಕಾಲೇಜಿಗೆ ಹೋದೆ. ಮೊದಲ ವಾರ ತರಗತಿಯಲ್ಲಿ ಎದ್ದು ನಿಂತು, ‘ಹೊರಗ ನಾಕು ಮಂದಿ ಬಂದಾರ್ರಿ’ ಅಂದೆ. ಎಲ್ಲರೂ ನಕ್ಕರು. ‘ಮೊದಲು ಕನ್ನಡ ಕಲಿತು ಬಾ’ ಅಂದರು. ಆಮೇಲೆ ಎಷ್ಟೋ ತಿಂಗಳು ನಾನು ತರಗತಿಯಲ್ಲಿ ಬಾಯಿ ಬಿಡಲಿಲ್ಲ.

ಇಂದು ಆ ಮಾತಿಗೆ ಉತ್ತರ ಕೊಡುತ್ತೇನೆ. ಕಲಬುರಗಿ ಮಾರುಕಟ್ಟೆಯಲ್ಲಿ ನಮ್ಮ ಕಮಲಾಪುರದ ಕೆಂಪು ಬಾಳೆ ಕೊಳ್ಳುವವರ ಮಾತು ಕೇಳಿ. ‘ಹತ್ತು ಹಣ್ಣು ಕೊಡ್ರಿ’ ಅನ್ನುತ್ತಾರೆ. ‘ಹಣ್ಣುಗಳು’ ಅನ್ನುವುದಿಲ್ಲ. ಹತ್ತು ಎಂದ ಮೇಲೆ ‘ಗಳು’ ಯಾಕೆ ಬೇಕು? ಆದರೆ ‘ಹತ್ತು ಹುಡುಗ ಬಂದಾರ’ ಎಂದು ಯಾರೂ ಅನ್ನುವುದಿಲ್ಲ. ‘ಹತ್ತು ಮಂದಿ ಹುಡುಗರು ಬಂದಾರ’ ಎಂದೇ ಅನ್ನಬೇಕು. ವಸ್ತುವಿಗೆ ಬರಿಯ ಎಣಿಕೆ ಸಾಕು, ಮನುಷ್ಯರಿಗೆ ‘ಮಂದಿ’, ‘ಅರು’ ಬೇಕು.

ಇನ್ನೊಂದು ನೋಡಿ. ‘ಒಂದು ಎತ್ತು ಬಂದದ’, ‘ಎರಡು ಎತ್ತು ಬಂದಾವ’, ‘ಇಬ್ಬರು ಬಂದಾರ’. ಎತ್ತು ಎಂಬ ಮಾತು ಬದಲಾಗಲಿಲ್ಲ, ಬಹುವಚನವನ್ನು ಕ್ರಿಯಾಪದ ಹೊತ್ತುಕೊಂಡಿತು. ಹಲವು ಕಡೆ ಆಡುಮಾತಿನಲ್ಲಿ ‘ಹತ್ತು ಹಣ್ಣು ಇದೆ’ ಎಂದೇ ಮುಗಿಸುತ್ತಾರೆ. ಪುಸ್ತಕದ ಕನ್ನಡ ‘ಇವೆ’ ಎನ್ನುತ್ತದೆ. ನಮ್ಮ ಓದು ಬಾರದ ಅಜ್ಜಿಯೂ ‘ಹತ್ತು ಹಣ್ಣು ಅವ’ ಎನ್ನುತ್ತಾಳೆ. ವ್ಯಾಕರಣ ಯಾರ ಬಾಯಲ್ಲಿ ಉಳಿದಿದೆ, ನೀವೇ ಹೇಳಿ.

ನಮ್ಮ ಪಕ್ಕದ ಮನೆಯ ದಖನಿ ಮಾತಿಗೂ ಇದೇ ನ್ಯಾಯ. ಪುಸ್ತಕದ ಉರ್ದುವಿನಲ್ಲಿ ‘ಕಿತಾಬ್’ ಹೋಗಿ ‘ಕಿತಾಬೇಂ’ ಆಗುತ್ತದೆ. ದಖನಿಯಲ್ಲಿ ‘ಕಿತಾಬಾಂ’, ‘ಲೋಗಾಂ’. ಅದು ತಪ್ಪು ಉರ್ದು ಅಲ್ಲ. ಅದಕ್ಕೆ ಅದರದೇ ನಿಯಮವಿದೆ.

ಕನ್ನಡದ ಮೊದಲ ಲಭ್ಯ ಗ್ರಂಥ ‘ಕವಿರಾಜಮಾರ್ಗ’ ಹುಟ್ಟಿದ್ದು ರಾಷ್ಟ್ರಕೂಟರ ಆಸ್ಥಾನದಲ್ಲಿ, 9ನೇ ಶತಮಾನದಲ್ಲಿ. ಅವರ ರಾಜಧಾನಿ ಮಾನ್ಯಖೇಟ ಇದೇ ಜಿಲ್ಲೆಯ ಮಳಖೇಡ. 13ನೇ ಶತಮಾನದಲ್ಲಿ ಕೇಶಿರಾಜ ‘ಶಬ್ದಮಣಿದರ್ಪಣ’ ಬರೆದ. ನಾವು ಕನ್ನಡದ ಅಂಚಿನಲ್ಲಿ ನಿಂತವರಲ್ಲ, ಅಂಗಳದಲ್ಲಿ ಆಡಿ ಬೆಳೆದವರು.

ಮಕ್ಕಳೇ, ಪರೀಕ್ಷೆಗೆ ಪುಸ್ತಕದ ಕನ್ನಡ ಚೆನ್ನಾಗಿ ಕಲಿಯಿರಿ. ಅದು ನಾಡಿನವರೆಲ್ಲ ಕೂಡಿ ಓದುವ ಕನ್ನಡ, ಅದನ್ನು ಬಿಡಬೇಡಿ. ಆದರೆ ಮನೆಯ ಮಾತಿಗಾಗಿ ಎಲ್ಲಿಯೂ ತಲೆ ತಗ್ಗಿಸಬೇಡಿ. ಯಾರಾದರೂ ನಕ್ಕರೆ ಸುಮ್ಮನೆ ಕುಳಿತುಕೊಳ್ಳಬೇಡಿ, ಅದರ ನಿಯಮ ತಿಳಿಸಿ ಹೇಳಿ. ನಾನು ಅಂದು ಕುಳಿತುಬಿಟ್ಟೆ. ನೀವು ನಿಂತೇ ಮಾತಾಡಿ.

ಐವತ್ತು ವರ್ಷ ನಮ್ಮನ್ನು ಮಾತಾಡಲು ಎಬ್ಬಿಸಿ ನಿಲ್ಲಿಸಿದ ಈ ಶಾಲೆಗೆ, ಇಲ್ಲಿಯ ಎಲ್ಲ ಗುರುಗಳಿಗೆ ನನ್ನ ಶರಣು.