ಇಂಗ್ಲಿಷಿನ ಮಾತೂ ಪರೀಕ್ಷೆಯ ಓದೂ

ಕೆಲವು ವರ್ಷಗಳ ಕೆಳಗೆ ನಾವು ಉತ್ತರಪತ್ರಿಕೆಗಳನ್ನು ತಿದ್ದುತ್ತ ಕುಳಿತಿದ್ದಾಗ ಸಂಭಾಷಣೆಯ ಪ್ರಶ್ನೆಯೊಂದು ಎದುರಾಯಿತು. ಹುಡುಗನೊಬ್ಬನು ಬ್ಯಾಂಕಿಗೆ ಹೋಗುತ್ತಾನೆ. ಗುಮಾಸ್ತನು “ತಮಗೆ ನನ್ನಿಂದೇನು ಸಹಾಯವಾಗಬೇಕು?” ಎಂದು ಇಂಗ್ಲಿಷಿನಲ್ಲಿ ಕೇಳುತ್ತಾನೆ. ಹುಡುಗನ ಮಾತು ಇರಬೇಕಾದ ಸ್ಥಳವನ್ನು ಬರಿದಾಗಿ ಬಿಟ್ಟಿದೆ, ಅದನ್ನು ತುಂಬಬೇಕು. ಒಬ್ಬ ವಿದ್ಯಾರ್ಥಿಯು ದುಂಡಾದ ಅಕ್ಷರಗಳಲ್ಲಿ “ಐ ಆ್ಯಮ್ ಫೈನ್, ಥ್ಯಾಂಕ್ ಯೂ” ಎಂದು ಬರೆದಿದ್ದನು. ಪಕ್ಕದಲ್ಲಿದ್ದ ಮಿತ್ರರು ನಕ್ಕರು, ನಾವೂ ನಕ್ಕೆವು. ಆದರೆ ಅದೇ ಕಟ್ಟಿನಲ್ಲಿ ಅದೇ ಉತ್ತರವು ಮೂರನೆಯ ಸಲ, ನಾಲ್ಕನೆಯ ಸಲ ಬಂದಾಗ ನಗು ನಿಂತಿತು. ಇದು ಒಬ್ಬನ ದಡ್ಡತನವಲ್ಲ. ಯಾರೋ ಈ ಮಕ್ಕಳಿಗೆಲ್ಲ “ಪ್ರಶ್ನೆ ಏನೇ ಇರಲಿ, ಇದನ್ನು ಬರೆದು ಬನ್ನಿರಿ” ಎಂದು ಕಲಿಸಿ ಕಳುಹಿಸಿದ್ದಾರೆ. ಆ ಯಾರೋ ಎಂಬವರಲ್ಲಿ ನಾವು ಅಧ್ಯಾಪಕರೂ ಸೇರಿದ್ದೇವೆಂದು ಒಪ್ಪಿಕೊಳ್ಳದೆ ಗತಿಯಿಲ್ಲ.

ನಾವು ಪಾಠ ಹೇಳುವುದು ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯಲ್ಲಿ. 2009ರ ಕಡೆಯಲ್ಲಿ ಗುಲ್ಬರ್ಗಾ ಜಿಲ್ಲೆಯಿಂದ ಬೇರೆಯಾಗಿ ಯಾದಗಿರಿಯು ತಾನೇ ಒಂದು ಜಿಲ್ಲೆಯಾಯಿತು. ಪರೀಕ್ಷೆಯ ಫಲಿತಾಂಶ ಪ್ರಕಟವಾದ ದಿನ ನಮ್ಮ ಜಿಲ್ಲೆಯ ಹೆಸರನ್ನು ಪಟ್ಟಿಯ ಕೆಳಗಿನಿಂದ ಹುಡುಕುವುದು ಜನಕ್ಕೆ ವಾಡಿಕೆಯಾಗಿಬಿಟ್ಟಿದೆ. 2024ರ ಎಸ್.ಎಸ್.ಎಲ್.ಸಿ. ಮೊದಲನೆಯ ಪರೀಕ್ಷೆಯಲ್ಲಿ ಉಡುಪಿಯು ಶೇಕಡಾ 94ರೊಡನೆ ತಲೆಯಲ್ಲಿ ನಿಂತಿತು, ಯಾದಗಿರಿಯು ಶೇಕಡಾ 50.59ರೊಡನೆ ಬಾಲದಲ್ಲಿ ನಿಂತಿತು. ಆ ವರ್ಷವೇ ಪರೀಕ್ಷೆಯ ಕೊಠಡಿಗಳಿಗೆ ಕ್ಯಾಮೆರಾಗಳು ಬಂದುವು; ನಕಲಿನ ಆಸರೆ ತಪ್ಪಿತು. ಅದು ತಪ್ಪಿದ್ದು ಒಳ್ಳೆಯದೇ. ಆದರೆ ಊರುಗೋಲನ್ನು ಕಿತ್ತುಕೊಂಡವರು ಕಾಲಿಗೆ ಬಲ ಬರುವ ಉಪಾಯವನ್ನೂ ಹೇಳಬೇಕಲ್ಲವೆ?

ಇಂಗ್ಲಿಷಿನಲ್ಲಿ ತಪ್ಪಿದ ಹುಡುಗನಿಗೆ ಇಲ್ಲಿ ಏನಾಗುತ್ತದೆಂಬುದನ್ನು ಪಟ್ಟಣದ ಶ್ರೋತೃಗಳು ಅರಿಯರು. ಅವನ ತಂದೆತಾಯಿಗಳು ಬೇಸಗೆಯಲ್ಲಿ ಬೆಂಗಳೂರಿಗೋ ಪುಣೆಗೋ ಮುಂಬಯಿಗೋ ಕಟ್ಟಡದ ಕೆಲಸಕ್ಕೆ ಗುಳೆ ಹೋಗುತ್ತಾರೆ. ಪರೀಕ್ಷೆಯಲ್ಲಿ ತಪ್ಪಿದವನು ಅವರ ಹಿಂದೆ ಹೋಗುತ್ತಾನೆ. ಹೋದವನು ಶಾಲೆಗೆ ಮರಳುವುದು ಅಪರೂಪ. ಪಾಸಾದವನ ಮುಂದಾದರೆ ಬಾಗಿಲುಗಳಿವೆ. ಸಂವಿಧಾನದ 371(ಜೆ) ವಿಧಿಯು 2013ರಲ್ಲಿ ಜಾರಿಗೆ ಬಂದಂದಿನಿಂದ ಈ ಪ್ರಾಂತದ ಕಾಲೇಜುಗಳಲ್ಲಿ ನೂರಕ್ಕೆ 70 ಸ್ಥಾನಗಳೂ ರಾಜ್ಯದ ಉಳಿದ ಭಾಗದಲ್ಲಿ ನೂರಕ್ಕೆ 8 ಸ್ಥಾನಗಳೂ ನಮ್ಮವರಿಗೆ ಮೀಸಲು. ಸ್ಥಾನವೇನೋ ಸಿಕ್ಕಿತು, ಒಳಗೆ ಹೋಗಿ ಕುಳಿತರೆ ಪಾಠವೆಲ್ಲ ಇಂಗ್ಲಿಷಿನಲ್ಲಿ!

“ನಮಗ ಕನ್ನಡ ಬರ್ತದ, ಉರ್ದು ಬರ್ತದ, ಇಂಗ್ಲೀಷ್ ಮಾತ್ರ ಬರಂಗಿಲ್ರಿ ಸರ್” ಎಂದು ವಿದ್ಯಾರ್ಥಿಗಳು ನಮ್ಮೊಡನೆ ಹೇಳಿಕೊಳ್ಳುವುದುಂಟು. ಈ ಮಾತನ್ನು ಸ್ವಲ್ಪ ನಿಂತು ನೋಡಬೇಕು. ಉರ್ದುವನ್ನು ಇವರಿಗೆ ಕಲಿಸಿದವರು ಯಾರು? ಯಾರೂ ಇಲ್ಲ. ಸಂತೆಯಲ್ಲಿ, ಗ್ಯಾರೇಜಿನಲ್ಲಿ, ಬಸ್ ನಿಲ್ದಾಣದಲ್ಲಿ ಕೇಳಿ ಕೇಳಿ, ತಪ್ಪು ತಪ್ಪಾಗಿ ಆಡಿ ಆಡಿ ದಖನಿಯನ್ನು ಕಲಿತರು. ತಾಂಡದ ಮಕ್ಕಳಿಗೆ ಮನೆಯಲ್ಲಿ ಲಂಬಾಣಿ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ದಖನಿ. ಗುರುಮಠಕಲ್ಲಿನ ಕಡೆಗೆ ಹೋದರೆ ತೆಲುಗು ಬೇರೆ. ತಿಂಥಣಿಯ ಮೌನೇಶ್ವರನ ಜಾತ್ರೆಗೆ ಹೋದವರು ಭಕ್ತರ ಜಯಘೋಷದಲ್ಲಿಯೇ ಎರಡು ನುಡಿಗಳು ಬೆರೆತಿರುವುದನ್ನು ಕೇಳಿರುವರು. ಹತ್ತನೆಯ ವಯಸ್ಸಿಗೆ ಮೂರು ಭಾಷೆಗಳನ್ನು ಆಡಬಲ್ಲ ಮಗುವಿಗೆ ನಾಲ್ಕನೆಯದನ್ನು ಕಲಿಯುವ ಶಕ್ತಿಯಿಲ್ಲವೆಂದರೆ ನಂಬುವುದು ಹೇಗೆ?

ಸುರಪುರದ ಗುಡ್ಡದ ಮೇಲೆ ಟೇಲರ್ ಮಂಜಿಲ್ ಎಂಬ ಬಂಗಲೆ ಇಂದಿಗೂ ನಿಂತಿದೆ. 1841ರಿಂದ 1853ರವರೆಗೆ ಈ ಸಂಸ್ಥಾನದ ಮೇಲ್ವಿಚಾರಣೆ ನಡೆಸಿದ ಮೆಡೋಸ್ ಟೇಲರನು ಹದಿನೈದು ವರ್ಷದ ಹುಡುಗನಾಗಿ ಹಿಂದೂಸ್ಥಾನಕ್ಕೆ ಬಂದವನು, ಹೇಳಿಕೊಳ್ಳುವಂಥ ವಿದ್ಯಾಭ್ಯಾಸವಿಲ್ಲದವನು. ಇಲ್ಲಿಯ ಜನರೊಡನೆ ಬಾಳಿ ಇಲ್ಲಿಯ ಮಾತನ್ನು ಕಲಿತನು. ನಮ್ಮ ಮಕ್ಕಳು ದಖನಿಯನ್ನು ಕಲಿತ ದಾರಿಯೂ ಅದೇ. ಇಂಗ್ಲಿಷು ಮಾತ್ರ ಈ ಸೀಮೆಗೆ ಬೇರೊಂದು ದಾರಿಯಿಂದ ಬಂದಿತು. ನಿಜಾಮರ ಆಡಳಿತದಲ್ಲಿ ಕಚೇರಿಯ ಭಾಷೆ ಮೊದಲು ಫಾರಸಿ, ಆಮೇಲೆ ಉರ್ದು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿಯೂ ಬೋಧನೆ ಉರ್ದುವಿನಲ್ಲಿ. ಇಂಗ್ಲಿಷು ಒಂದು ಕಡ್ಡಾಯದ ವಿಷಯ ಮಾತ್ರ. ಕನ್ನಡದ ಮನೆಯ ಹುಡುಗನು ಉರ್ದುವಿನ ಮೂಲಕ ಇಂಗ್ಲಿಷನ್ನು ಕಲಿಯಬೇಕಾಗಿತ್ತು. ಅದು ಪುಸ್ತಕದೊಳಗಿನ ಭಾಷೆಯಾಗಿ ಬಂದಿತು, ಪುಸ್ತಕದೊಳಗೆಯೇ ಉಳಿಯಿತು. 2007ರಿಂದ ಸರಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷುಂಟು. ಹತ್ತು ವರ್ಷ ಕಲಿತ ಮೇಲೂ ನಮ್ಮ ಹುಡುಗರು ಅದನ್ನು ಗೈಡಿನ ಪುಟದಿಂದ ಪರೀಕ್ಷೆಯ ಪುಟಕ್ಕೆ ಸಾಗಿಸುವ ಸರಕೆಂದೇ ತಿಳಿದಿದ್ದಾರೆ.

ಪರೀಕ್ಷೆಯಲ್ಲಿ ಮಾತಿನ ಪ್ರಶ್ನೆಯೂ ಬರಹದ ರೂಪದಲ್ಲಿಯೇ ಇರುವುದು ಒಂದು ವಿಚಿತ್ರ. ಈಜು ಬರುವುದೇ ಎಂದು ಕಾಗದದ ಮೇಲೆ ಪರೀಕ್ಷೆ ಮಾಡಿದಂತೆ. ಆದರೂ ಆ ಪ್ರಶ್ನೆಯನ್ನು ಮಾಡಿದವರಲ್ಲಿ ಒಂದು ಒಳ್ಳೆಯ ಉದ್ದೇಶವಿದೆ. ಬ್ಯಾಂಕಿನ ಹುಡುಗನನ್ನೇ ತೆಗೆದುಕೊಳ್ಳೋಣ. ಖಾಲಿ ಗೆರೆಯ ಕೆಳಗೆ ಗುಮಾಸ್ತನು “ದಯವಿಟ್ಟು ಈ ಫಾರಂ ತುಂಬಿರಿ” ಎನ್ನುತ್ತಾನೆ. ಫಾರಂ ಕೊಟ್ಟನೆಂದ ಮೇಲೆ ಹುಡುಗನು ಏನನ್ನೋ ಬೇಡಿರಲೇಬೇಕು. ಬಹುಶಃ ಖಾತೆ ತೆರೆಯಬೇಕೆಂದಿರಬೇಕು. ಮೇಲಿನ ಗೆರೆಯನ್ನು ಎಲ್ಲರೂ ನೋಡುತ್ತಾರೆ. ಕೆಳಗಿನ ಗೆರೆಯನ್ನು ನೋಡುವವರು ಕಡಿಮೆ. ಉತ್ತರದ ಅರ್ಧ ಅಲ್ಲಿಯೇ ಇರುತ್ತದೆ. ಮೊದಲು ಕನ್ನಡದಲ್ಲಿಯೇ ಕೇಳಿಕೊಳ್ಳಬೇಕು: ಯಾರು ಯಾರೊಡನೆ ಮಾತನಾಡುತ್ತಿದ್ದಾರೆ, ಯಾರಿಗೆ ಏನು ಬೇಕಾಗಿದೆ? ಅದು ತಿಳಿದ ಮೇಲೆ ಇಂಗ್ಲಿಷು ಸ್ವಲ್ಪ ಕುಂಟಿದರೂ ಉತ್ತರವು ದಾರಿ ತಪ್ಪುವುದಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ನಮ್ಮ ಸೀಮೆಯ ಮರ್ಯಾದೆಯೆಲ್ಲ ‘ರೀ’ ಎಂಬ ಒಂದು ಅಕ್ಷರದಲ್ಲಿ ಅಡಗಿದೆ. “ಫಾರಂ ಕೊಡ್ರಿ” ಎಂದರೆ ಯಾರಿಗೂ ನೋವಾಗದು. ಇಂಗ್ಲಿಷಿನ ಕ್ರಿಯಾಪದಕ್ಕೆ ಆ ‘ರೀ’ ಹತ್ತುವುದಿಲ್ಲ. ಆದುದರಿಂದ “ಗಿವ್ ಮಿ ದಿ ಫಾರಂ” ಎಂದು ಬರೆದ ಹುಡುಗನು, ತಾನು ವಿನಯದಿಂದ ಕೇಳಿದೆನೆಂದೇ ಭಾವಿಸಿ, ಗುಮಾಸ್ತನಿಗೆ ಆಜ್ಞೆ ಮಾಡಿರುತ್ತಾನೆ. ಇಂಗ್ಲಿಷಿನಲ್ಲಿ ವಿನಯಕ್ಕೆ ಬೇಡಿಕೆಯನ್ನು ಪ್ರಶ್ನೆಯಾಗಿ ತಿರುಗಿಸಬೇಕು: “ಕುಡ್ ಯೂ ಗಿವ್ ಮಿ ದಿ ಫಾರಂ, ಪ್ಲೀಸ್?” ಇದನ್ನು ವ್ಯಾಕರಣದ ಸೂತ್ರವಾಗಿ ಹೇಳಿದರೆ ಮರೆಯುತ್ತಾರೆ. “ನಿಮ್ಮ ‘ರೀ’ಯನ್ನು ಇಂಗ್ಲಿಷಿನವರು ಇಲ್ಲಿ ಇಟ್ಟಿದ್ದಾರೆ” ಎಂದರೆ ಮರೆಯುವುದಿಲ್ಲ. ಇದು ನಮ್ಮ ಅನುಭವ.

ಓದಿನ ವಿಷಯಕ್ಕೆ ಬರೋಣ. ಪರೀಕ್ಷೆಯಲ್ಲಿ ಎಂದೂ ಓದದ ಒಂದು ಗದ್ಯಭಾಗವನ್ನು ಕೊಟ್ಟು ಕೆಳಗೆ ಪ್ರಶ್ನೆಗಳನ್ನು ಹಾಕುವರು. ಇದು ಸುಲಭವೆಂದು ವಿದ್ಯಾರ್ಥಿಗಳ ನಂಬಿಕೆ. ಉತ್ತರವು ಕಣ್ಣ ಮುಂದೆಯೇ ಇದೆಯಲ್ಲ! ನಾವು ಪ್ರತಿ ವರ್ಷವೂ ಮೊದಲ ವಾರದಲ್ಲಿ ಕಪ್ಪುಹಲಗೆಯ ಮೇಲೆ ಒಂದು ವಾಕ್ಯವನ್ನು ಬರೆಯುತ್ತೇವೆ: “ಗಿಂಬನು ಬೆಳಗ್ಗೆ ಎದ್ದು ಸೊಟಪೆಯನ್ನು ಲೋಪಾಡಿಸಿ ತಗಡೆಯಲ್ಲಿ ಇಟ್ಟನು.” ಬಳಿಕ ಕೇಳುತ್ತೇವೆ: ಸೊಟಪೆಯನ್ನು ಲೋಪಾಡಿಸಿದವನು ಯಾರು? ತರಗತಿಯೆಲ್ಲ ಒಕ್ಕೊರಲಿನಿಂದ “ಗಿಂಬ!” ಎಲ್ಲಿ ಇಟ್ಟನು? “ತಗಡೆಯಲ್ಲಿ!” ಭಲೆ, ಪೂರ್ಣಾಂಕ. ಹಾಗಾದರೆ ಸೊಟಪೆ ಎಂದರೇನು? ಮೌನ. ಗಿಂಬನು ಅದನ್ನು ಏಕೆ ಲೋಪಾಡಿಸಿದನು? ಒಮ್ಮೆ ಹಿಂದಿನ ಬೆಂಚಿನಿಂದ ಒಬ್ಬನು “ಹಸಿದಿದ್ದನ್ರಿ ಸರ್” ಎಂದನು. ಅವನೇ ಆ ದಿನ ನಿಜವಾಗಿ ಓದಲು ಹವಣಿಸಿದವನೆಂದು ನಾವು ಭಾವಿಸಿದೆವು. ಉಳಿದವರು ಮಾಡಿದ್ದು ಓದಲ್ಲ; ಪ್ರಶ್ನೆಯಲ್ಲಿರುವ ಪದವನ್ನು ಗದ್ಯದಲ್ಲಿ ಹುಡುಕಿ, ಆ ಪದವಿರುವ ವಾಕ್ಯವನ್ನು ಇಡಿಯಾಗಿ ಎತ್ತಿ ಬರೆಯುವುದು. ‘ಯಾರು’, ‘ಎಲ್ಲಿ’ ಎಂಬ ಪ್ರಶ್ನೆಗಳಿಗೆ ಇದು ನಡೆಯುತ್ತದೆ. ‘ಏಕೆ’ ಎಂದು ಬಂದ ಕೂಡಲೆ ಕಾಲು ಜಾರುತ್ತದೆ.

ತಿಳಿಯದ ಪದವೊಂದು ಬಂದರೆ ಅಲ್ಲಿಯೇ ನಿಂತುಬಿಡುವುದು ಇನ್ನೊಂದು ರೋಗ. ಒಮ್ಮೆ ನಾವು ಕೊಟ್ಟ ಗದ್ಯದಲ್ಲಿ ‘ಡ್ರೌಟ್’ ಎಂಬ ಪದವಿತ್ತು. ಅದು ಯಾರಿಗೂ ತಿಳಿಯದು. ಆದರೆ ಮುಂದೆ ಕೆರೆ ಒಣಗಿತೆಂದಿದೆ, ದನಗಳನ್ನು ಮಾರಿದರೆಂದಿದೆ, ಜನರು ಊರು ಬಿಟ್ಟರೆಂದಿದೆ. ಯಾದಗಿರಿಯ ಮಗುವಿಗೆ ಬರಗಾಲವೆಂದರೆ ಏನೆಂದು ಯಾವ ನಿಘಂಟು ಹೇಳಿಕೊಡಬೇಕು? ಎಲ್ಲವನ್ನೂ ಬಲ್ಲ ಮಗು ಒಂದು ಪದದ ಮುಂದೆ ಕೈಕಟ್ಟಿ ಕುಳಿತಿತ್ತು. ಅದರಿಂದ ನಾವು ಮೊದಲನೆಯ ಸಲ ಎಲ್ಲಿಯೂ ನಿಲ್ಲದೆ ಕಡೆಯವರೆಗೆ ಓದಿಸುತ್ತೇವೆ, ಅನಂತರ ಪುಸ್ತಕ ಮುಚ್ಚಿಸಿ, “ಏನಾಯಿತು? ನಿಮ್ಮ ಭಾಷೆಯಲ್ಲಿ ಹೇಳಿರಿ” ಎನ್ನುತ್ತೇವೆ. ಇಂಗ್ಲಿಷಿನ ತರಗತಿಯಲ್ಲಿ ಕನ್ನಡವೇ ಎಂದು ಆಕ್ಷೇಪಿಸುವ ಸಹೋದ್ಯೋಗಿಗಳಿದ್ದಾರೆ. ಅರ್ಥವಾಗದೆ ಇಂಗ್ಲಿಷಿನಲ್ಲಿ ಉತ್ತರ ಹೇಳುವುದಕ್ಕಿಂತ ಅರ್ಥವಾಗಿ ಕನ್ನಡದಲ್ಲಿ ಹೇಳುವುದು ಮೇಲೆಂದು ನಮ್ಮ ಮತ.

ಹಿಂದೆ ಢಾಕಾದಲ್ಲಿ ಅಧ್ಯಾಪಕರ ಶಿಕ್ಷಣದ ಕಾಲೇಜಿನಲ್ಲಿದ್ದ ಮೈಕೇಲ್ ವೆಸ್ಟ್ ಎಂಬವರು 1926ರಲ್ಲಿ ಬಂಗಾಳದ ಮಕ್ಕಳ ವಿಷಯದಲ್ಲಿ ಒಂದು ಗ್ರಂಥವನ್ನು ಬರೆದರು. ನಡುವೆ ಶಾಲೆಯನ್ನು ಬಿಟ್ಟುಹೋಗುವ ಮಗುವಿನ ಕೈಯಲ್ಲಿ ಏನು ಉಳಿಯುತ್ತದೆಂಬುದು ಅವರ ಪ್ರಶ್ನೆ. ಅರ್ಧ ಕಲಿತ ಮಾತು ಬೇಗ ಮರೆತುಹೋಗುತ್ತದೆ. ಓದುವ ಶಕ್ತಿ ಸ್ವಲ್ಪ ಬಂದರೂ ಅಷ್ಟಕ್ಕೆ ಬೆಲೆಯುಂಟು. ಆದುದರಿಂದ ಓದಿಗೆ ಮೊದಲ ಸ್ಥಾನವಿರಲಿ ಎಂದು ಅವರ ವಾದ. ಗುಳೆ ಹೋಗುವ ಮಕ್ಕಳನ್ನು ನೋಡುವಾಗ ನಮಗೆ ಆ ಪ್ರಶ್ನೆ ನೆನಪಿಗೆ ಬರುತ್ತದೆ. ಆದರೆ ನಮ್ಮಲ್ಲಿ ಮಾತನ್ನೂ ಓದನ್ನೂ ಬೇರೆ ಬೇರೆ ಮಾಡಬೇಕೆಂದು ನಮಗೆ ತೋರುವುದಿಲ್ಲ. ಇದಕ್ಕೆ ಬೆಂಗಳೂರಿನಲ್ಲಿಯೇ ಒಂದು ಒಳ್ಳೆಯ ಪ್ರಯೋಗ ನಡೆಯಿತು. ಎನ್. ಎಸ್. ಪ್ರಭು ಎಂಬ ವಿದ್ವಾಂಸರು 1979ರಿಂದ 1984ರವರೆಗೆ ದಕ್ಷಿಣದ ಕೆಲವು ಶಾಲೆಗಳಲ್ಲಿ ವ್ಯಾಕರಣದ ಪಾಠವನ್ನು ಬದಿಗಿಟ್ಟು, ಮಕ್ಕಳಿಗೆ ಇಂಗ್ಲಿಷಿನಲ್ಲಿ ಸಣ್ಣ ಸಣ್ಣ ಸಮಸ್ಯೆಗಳನ್ನು ಕೊಟ್ಟು ಬಿಡಿಸಲು ಹೇಳಿದರು. ನಕ್ಷೆ ನೋಡಿ ದಾರಿ ಹೇಳುವುದು, ರೈಲಿನ ವೇಳಾಪಟ್ಟಿ ನೋಡಿ ಯಾವ ಗಾಡಿ ಹಿಡಿಯಬೇಕೆಂದು ನಿಶ್ಚಯಿಸುವುದು, ಇಂಥವು. ಮಗುವಿನ ಮನಸ್ಸು ಗಾಡಿಯ ಮೇಲಿರುತ್ತದೆ. ಭಾಷೆಯು ಹಿಂಬಾಗಿಲಿನಿಂದ ಒಳಗೆ ಬರುತ್ತದೆ.

ರೈಲು ನಮ್ಮಲ್ಲಿಯೂ ಉಂಟಲ್ಲ! ಯಾದಗಿರಿಯು ಮುಂಬಯಿ–ಮದರಾಸಿನ ಹಳೆಯ ರೈಲುದಾರಿಯ ಮೇಲಿರುವ ನಿಲ್ದಾಣ. ನಮ್ಮ ವಿದ್ಯಾರ್ಥಿಗಳನ್ನು ಇಬ್ಬಿಬ್ಬರನ್ನಾಗಿ ಕೂರಿಸಿ, ಒಬ್ಬನ ಕೈಗೆ ವೇಳಾಪಟ್ಟಿ ಕೊಡುತ್ತೇವೆ. ಇನ್ನೊಬ್ಬನು ಅದನ್ನು ನೋಡಕೂಡದು, ಕೇಳಿಯೇ ತಿಳಿಯಬೇಕು. ರಾಯಚೂರಿಗೆ ಸಾಯಂಕಾಲದೊಳಗೆ ತಲುಪಬೇಕು, ಯಾವ ಗಾಡಿ? ಕೇಳುವವನು ಮಾತನ್ನು ಅಭ್ಯಾಸ ಮಾಡುತ್ತಾನೆ, ಹೇಳುವವನು ಓದನ್ನು. ಮರುದಿನ ಕೈ ಬದಲು. ನಿಲ್ದಾಣಕ್ಕೆ ಹೋದಾಗ ಒಂದೇ ಸುದ್ದಿಯನ್ನು ಕನ್ನಡ, ಹಿಂದಿ, ಇಂಗ್ಲಿಷುಗಳಲ್ಲಿ ಕೂಗುವುದನ್ನು ಕಿವಿಗೊಟ್ಟು ಕೇಳಿರೆಂದೂ ಹೇಳಿದ್ದೇವೆ. ಇದಕ್ಕಿಂತ ಅಗ್ಗದ ಅಧ್ಯಾಪಕನು ದೊರೆಯುವನೆ? ಶಹಾಪುರದವರಿಗೆ ರೈಲಿಲ್ಲ, ಅವರಿಗೆ ಮಲಗಿದ ಬುದ್ಧನಂತೆ ಕಾಣುವ ಬೆಟ್ಟವಿದೆ. ಅದನ್ನು ನೋಡಲು ಬಂದ ಪರಸ್ಥಳದವರಿಗೆ ತಲೆ ಎಲ್ಲಿ, ಎದೆ ಎಲ್ಲಿ ಎಂದು ಇಂಗ್ಲಿಷಿನಲ್ಲಿ ತೋರಿಸುವುದು ಅವರ ಪಾಠ. ತಪ್ಪಾಡಿದಾಗ ಗೆಳೆಯರು “ಇಂಗ್ಲೀಷ್ ಹೊಡೀತಾನ ನೋಡು” ಎಂದು ನಗುವರು. ಈ ನಗುವಿಗೆ ಹೆದರಿ ಬಾಯಿ ಮುಚ್ಚಿದ ಹುಡುಗರ ಸಂಖ್ಯೆ, ವ್ಯಾಕರಣಕ್ಕೆ ಹೆದರಿದವರಿಗಿಂತ ಹೆಚ್ಚೆಂದು ನಾವು ಬಲ್ಲೆವು. ದಖನಿಯಲ್ಲಿ ತಪ್ಪಿದಾಗ ಯಾರೂ ನಗಲಿಲ್ಲ. ಅದಕ್ಕೇ ಅದು ಬಂದಿತು.

2024ರ ಬೇಸಗೆಯಲ್ಲಿ ಯಾದಗಿರಿಯ ಹತ್ತಿರದ ತಾಂಡವೊಂದರ ಹುಡುಗಿಯನ್ನು ಅವಳ ಸೋದರಮಾವನು ನಮ್ಮ ಮನೆಗೆ ಕರೆದುಕೊಂಡು ಬಂದನು. ಬೇರೆಲ್ಲದರಲ್ಲಿ ಪಾಸು, ಇಂಗ್ಲಿಷಿನಲ್ಲಿ ಮಾತ್ರ ತಪ್ಪಿದ್ದಳು. ಎರಡನೆಯ ಪರೀಕ್ಷೆಗೆ ಐದು ವಾರ ಉಳಿದಿತ್ತು. ಅಷ್ಟರೊಳಗೆ ಆಗದಿದ್ದರೆ ತಾಯಿಯೊಡನೆ ಪುಣೆಗೆ ಕಳುಹಿಸುವುದೆಂದು ನಿಶ್ಚಯವಾಗಿತ್ತು. ದಿನವೂ ಸಂಜೆ ಒಂದು ಗಂಟೆ ಬಂದಳು. ಗೈಡನ್ನು ತರಬೇಡವೆಂದೆವು. ಮೊದಲ ವಾರ ಮಾತೇ ಹೊರಡಲಿಲ್ಲ. ಎರಡನೆಯ ವಾರ ವೇಳಾಪಟ್ಟಿಯ ಆಟದಲ್ಲಿ ನಮ್ಮ ಮಗನನ್ನು ಸೋಲಿಸಿದಳು. ಪಾಸಾದಳು, ಅಂಕಗಳು ನಲವತ್ತನ್ನು ದಾಟಲಿಲ್ಲ.

ಕಡೆಯ ವಾರದಲ್ಲಿ ನಾವು ತಂದಿದ್ದ ಮಾದರಿ ಪತ್ರಿಕೆಯ ಗದ್ಯವು ಸಮುದ್ರದಂಡೆಯ ದೀಪಸ್ತಂಭವೊಂದನ್ನು ಕುರಿತದ್ದಾಗಿತ್ತು. ಯಾರು, ಎಲ್ಲಿ, ಯಾವಾಗ ಎಂಬ ಪ್ರಶ್ನೆಗಳಿಗೆಲ್ಲ ಸರಿಯಾಗಿಯೇ ಬರೆದು, ಲೇಖನಿಯನ್ನು ಕೆಳಗಿಟ್ಟು, “ಸರ್, ಹಡಗಾ ನೀರಾಗೇ ಇರ್ತದಲ್ರಿ, ಅದಕ ದಂಡಿ ಮ್ಯಾಲಿನ ದೀಪ ಯಾಕ್ರಿ?” ಎಂದು ಕೇಳಿದಳು. ಕೃಷ್ಣಾ, ಭೀಮಾ ಎರಡನ್ನೂ ಕಂಡವಳು; ಸಮುದ್ರವನ್ನು ಕಂಡವಳಲ್ಲ. ಮೇಜಿನ ಮೇಲೆ ತಟ್ಟೆಯಲ್ಲಿ ನೀರು ಹಾಕಿ, ಕಲ್ಲುಗಳನ್ನಿಟ್ಟು, ದೀಪ ಆರಿಸಿ, ಬೆಂಕಿಪೊಟ್ಟಣದ ಹಡಗನ್ನು ತೇಲಿಬಿಟ್ಟೆವು. ಆ ದಿನ ಉಳಿದ ಪ್ರಶ್ನೆಗಳಿಗೆ ಹೊತ್ತು ಸಾಲಲಿಲ್ಲ.