ಎಷ್ಟು ಹುಡುಕಿದರೆ ಹುಡುಕಿದಂತೆ?



ಈ ಕಾರ್ಯಕ್ರಮದ ಆಹ್ವಾನ ಪತ್ರಿಕೆಯಲ್ಲಿ ‘ಅನುಮತಿಯಿಲ್ಲದ ಬಳಕೆ ಮತ್ತು ಕಾನೂನಿನ ಪರಿಣಾಮ’ ಎಂದಿದೆ. ಪರಿಣಾಮದ ಮಾತನ್ನು ಬೇಗ ಮುಗಿಸುತ್ತೇನೆ. 1957ರ ಕೃತಿಸ್ವಾಮ್ಯ ಕಾಯ್ದೆಯ 63ನೇ ಕಲಮಿನಂತೆ, ಗೊತ್ತಿದ್ದೂ ಉಲ್ಲಂಘಿಸಿದವರಿಗೆ ಆರು ತಿಂಗಳಿಂದ ಮೂರು ವರ್ಷ ಜೈಲು, 50,000 ರೂಪಾಯಿಯಿಂದ 2 ಲಕ್ಷದವರೆಗೆ ದಂಡ. ಇದು ಜಾಮೀನುರಹಿತ ಅಪರಾಧ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಉಳಿದದ್ದನ್ನು ನಮ್ಮ ಕಾನೂನು ಕಾಲೇಜಿನ ಮೇಡಂ ಮಧ್ಯಾಹ್ನ ಬಿಡಿಸಿ ಹೇಳುತ್ತಾರೆ. ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಅಂಗಡಿ ಪ್ರಕರಣದ 2016ರ ತೀರ್ಪನ್ನು ಅರೆದು ಕುಡಿದವರೂ ಎರಡನೇ ಸಾಲಿನಲ್ಲಿ ಕೂತಿದ್ದಾರೆ. ಅವರೆದುರು ನಾನು ಆ ವಿಷಯ ಎತ್ತುವುದಿಲ್ಲ.

ನನ್ನ ತಕರಾರು ಹಳೆಯದು, ಕೆಲವರಿಗೆ ಬೇಸರ ಬರುವಷ್ಟು ಹಳೆಯದು. ಕೃತಿಸ್ವಾಮ್ಯವೆಂದರೆ ಕಳ್ಳನನ್ನು ಹಿಡಿಯುವ ವಿದ್ಯೆ ಎಂದೇ ಪಾಠ ಮಾಡುತ್ತ ಬಂದಿದ್ದೇವೆ. ಅನುಮತಿ ಕೇಳಲು ಹೊರಟವರು ಯಾವ ಬಾಗಿಲು ತಟ್ಟಬೇಕೆಂದು ಯಾರೂ ಹೇಳಿಕೊಡಲಿಲ್ಲ.

ಭದ್ರಾವತಿಯ ಒಂದು ಜೆರಾಕ್ಸ್ ಅಂಗಡಿಯಲ್ಲಿ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳು ಸಿಕ್ಕಿದ್ದಳು. ಕೈಯಲ್ಲಿ ಐವತ್ತರ ದಶಕದ ಕಾದಂಬರಿ. ಪುಟ ಮಗುಚಿದಾಗಲೆಲ್ಲ ಕಾಗದದ ಅಂಚು ಪುಡಿಯಾಗಿ ಗಾಜಿನ ಮೇಲೆ ಉದುರುತ್ತಿತ್ತು. ಅಂಗಡಿಯವರು ಗೊಣಗುತ್ತಲೇ ಬಟ್ಟೆಯಿಂದ ಒರೆಸಿ ಮುಂದಿನ ಪುಟ ಇಡುತ್ತಿದ್ದರು. ‘ಇದು ತಪ್ಪಲ್ವಾ ಸಾರ್?’ ಎಂದು ಅವಳೇ ಕೇಳಿದಳು. ಪ್ರಕಾಶನ ಮುಚ್ಚಿದೆ, ಲೇಖಕರು ತೀರಿಕೊಂಡಿದ್ದಾರೆ, ಮಗ ಹುಬ್ಬಳ್ಳಿ ಕಡೆ ಇದ್ದಾರಂತೆ. ಹಳೆಯ ವಿಳಾಸಕ್ಕೆ ಬರೆದ ಕಾಗದ ವಾಪಸ್ ಬಂದಿತ್ತು. ‘ಯಾರನ್ನ ಕೇಳ್ಲಿ?’ ಎಂದಳು.

 

ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತದೆ. ನಮ್ಮ ಜಿಲ್ಲೆಯ ಕುವೆಂಪು 1994ರಲ್ಲಿ ಹೋದರು. ಅವರ ಕೃತಿಗಳಿಗೆ 2054ರ ಕೊನೆಯವರೆಗೆ ರಕ್ಷಣೆ. ಅಲ್ಲಿ ಯಾರನ್ನು ಕೇಳಬೇಕೆಂಬ ಗೊಂದಲವಿಲ್ಲ. ಶಿವರಾಮ ಕಾರಂತರಂತೂ ಉಯಿಲು ಬರೆದಿಟ್ಟಿದ್ದರು. ಅವರ ಯಕ್ಷಗಾನ ಬ್ಯಾಲೆಯ ವ್ಯಾಜ್ಯ ಉಡುಪಿಯಿಂದ ದೆಹಲಿಗೆ ಹೋಗಿ, 2009ರಲ್ಲಿ ಸುಪ್ರೀಂ ಕೋರ್ಟ್ ಉಯಿಲಿನಿಂದ ಬಂದ ಹಕ್ಕನ್ನು ಎತ್ತಿಹಿಡಿಯಿತು. 52ನೇ ಕಲಮಿನ ವಿನಾಯಿತಿಗಳನ್ನೂ ಉಳಿಸಿತು. ಉಯಿಲೂ ಇಲ್ಲದ, ಹೆಸರೂ ಮರೆತುಹೋದ ಲೇಖಕರ ಗತಿ?

ಕಾಯ್ದೆಯಲ್ಲಿ 31ಎ ಎಂಬ ಕಲಮಿದೆ. ಹಕ್ಕುದಾರರು ಪತ್ತೆಯಾಗದಿದ್ದರೆ ಲೈಸೆನ್ಸಿಗೆ ಅರ್ಜಿ ಹಾಕಬಹುದು. ಆದರೆ ಅದಕ್ಕೂ ಮೊದಲು ಪ್ರಕಟಣೆ ಕೊಡಬೇಕು, ದೇಶದ ಬಹುಭಾಗದಲ್ಲಿ ಪ್ರಸಾರವಿರುವ ಇಂಗ್ಲಿಷ್ ದಿನಪತ್ರಿಕೆಯಲ್ಲಿ! ಅನುವಾದಕ್ಕಾದರೆ ಮಾತ್ರ ಆ ಭಾಷೆಯ ಪತ್ರಿಕೆಯಲ್ಲೂ ಕೊಡಬೇಕು. ಕನ್ನಡ ಕಾದಂಬರಿಯನ್ನು ಕನ್ನಡದಲ್ಲೇ ಮತ್ತೆ ಅಚ್ಚು ಹಾಕಲು ಹುಬ್ಬಳ್ಳಿಯ ಮಗ ಇಂಗ್ಲಿಷ್ ಪೇಪರ್ ಓದುತ್ತಿರಬೇಕು. ಅರ್ಜಿ ಮೊದಲು ಕೃತಿಸ್ವಾಮ್ಯ ಮಂಡಳಿಗೆ ಹೋಗುತ್ತಿತ್ತು, 2017ರಲ್ಲಿ ಆ ಕೆಲಸ ಮೇಲ್ಮನವಿ ಮಂಡಳಿಯ ಪಾಲಾಯಿತು, 2021ರಲ್ಲಿ ಅದನ್ನೂ ರದ್ದು ಮಾಡಿದರು. ಈಗ ವಾಣಿಜ್ಯ ನ್ಯಾಯಾಲಯಕ್ಕೇ ಹೋಗಬೇಕು. ನೂರು ಪ್ರತಿ ಖರ್ಚಾಗುವ ಪುಸ್ತಕಕ್ಕೆ ಯಾವ ಪ್ರಕಾಶಕ ವಕೀಲರ ಫೀಸು ಕೊಟ್ಟಾನು?

ಗ್ರಂಥಪಾಲಕರೇ, ನಿಮಗೊಂದು ಸಣ್ಣ ಕಿಂಡಿ ಇದೆ. ಮಾರಾಟಕ್ಕೆ ಸಿಗದ ಪುಸ್ತಕವನ್ನು ಲಾಭಕ್ಕಲ್ಲದ ಸಾರ್ವಜನಿಕ ಗ್ರಂಥಾಲಯ ತನ್ನ ಬಳಕೆಗೆ ಮೂರು ಪ್ರತಿಯವರೆಗೆ ನಕಲು ಮಾಡಿಕೊಳ್ಳಬಹುದು. ಕಾಲೇಜು ಲೈಬ್ರರಿ ‘ಸಾರ್ವಜನಿಕ’ವೇ? ಕಾಯ್ದೆ ಬಿಡಿಸಿ ಹೇಳಿಲ್ಲ. ಇಬ್ಬರು ವಕೀಲ ಮಿತ್ರರನ್ನು ಕೇಳಿದೆ, ಎರಡು ಉತ್ತರ ಬಂತು; ಇಬ್ಬರೂ ಇಲ್ಲೇ ನಗುತ್ತಿದ್ದಾರೆ.

ಅನುಮತಿಯ ದಾರಿ ಸಲೀಸಾದರೆ ಸುಲಿಗೆಯೂ ಸಲೀಸಾಗುತ್ತದೆ ಎಂದು ಲೇಖಕ ಗೆಳೆಯರೊಬ್ಬರು ನನ್ನ ಮೇಲೆ ರೇಗುತ್ತಾರೆ. ಅವರ ಮಾತು ತೆಗೆದುಹಾಕುವಂಥದ್ದಲ್ಲ. ಹುಡುಕಿದೆ, ಸಿಗಲಿಲ್ಲ ಎಂದು ಯಾರು ಬೇಕಾದರೂ ಹೇಳಬಹುದು. ಹಾಗಾದರೆ ಎಷ್ಟು ಹುಡುಕಿದರೆ ಹುಡುಕಿದಂತೆ? ವಾಪಸ್ ಬಂದ ಒಂದು ಕಾಗದ ಸಾಕೇ? ಸಾಹಿತ್ಯ ಪರಿಷತ್ತಿನಲ್ಲಿ ವಿಚಾರಿಸಿ, ಊರಿಗೂ ಹೋಗಿ ಬರಬೇಕೇ? ಹತ್ತು ವರ್ಷದ ಮೇಲೆ ಮೊಮ್ಮಗಳು ಬಂದರೆ ಅವಳಿಗೆ ಎಷ್ಟು ಗೌರವಧನ? ಇದಕ್ಕೊಂದು ನಿಯಮವೆಂದು ನಾನು ಬರೆದು ನೋಡಿದ ಕರಡುಗಳೆಲ್ಲ ಈ ಜಾಗದಲ್ಲೇ ನಿಂತಿವೆ. ಮೊದಲ ಗೋಷ್ಠಿಯವರು ಇಲ್ಲಿಂದಲೇ ಎತ್ತಿಕೊಳ್ಳಿ.